ಮೂರು ವರ್ಷದ ಲಾಗ್, ತುಂಬಿದ ಡಿಸ್ಕ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದುದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಸರ್ವರ್‌ಗಳ ಮೇಲೆ ನಿಗಾ ಇಡುವ ಜ್ಯಾಬಿಕ್ಸ್ ತಂತ್ರಾಂಶದ ಡೇಟಾಬೇಸ್‌ನಿಂದ ಹಳೆಯ ದಾಖಲೆಗಳನ್ನು ಅಪಾಯವಿಲ್ಲದೆ ತೆಗೆಯುವುದು ಹೇಗೆ ಎಂಬುದೇ ಆ ವಿಷಯ. ಆಜ್ಞೆಗಳ ಮತ್ತು ಟೇಬಲ್‌ಗಳ ಹೆಸರನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ಈ ಕೆಲಸದಲ್ಲಿರುವವರಿಗೆ ಗುರುತಿಸಲು ಕಷ್ಟವಾಗಲಾರದು.

ಪ್ರಶ್ನೆ: ನಾನು ಹುಬ್ಬಳ್ಳಿಯ ಒಂದು ಸಹಕಾರ ಸಂಸ್ಥೆಯ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ನಮ್ಮ 40 ಸರ್ವರ್‌ಗಳಿಗೆ ಮೂರು ವರ್ಷಗಳಿಂದ ಜ್ಯಾಬಿಕ್ಸ್ ಬಳಸುತ್ತಿದ್ದೇವೆ. ಅದರ ಡೇಟಾಬೇಸ್ ಮೈಎಸ್‌ಕ್ಯೂಎಲ್ 8. ನನಗಿಂತ ಮೊದಲು ಇದ್ದವರು, ಸರ್ವರ್ ನಿಧಾನವಾಗುತ್ತದೆಂದು, ಅವಧಿ ಮೀರಿದ ದತ್ತಾಂಶವನ್ನು ತಾನಾಗಿ ಅಳಿಸುವ ಹೌಸ್‌ಕೀಪರ್ ಅನ್ನು ನಿಲ್ಲಿಸಿದ್ದರಂತೆ. ಈಗ 500 ಜಿಬಿ ಡಿಸ್ಕ್ ಶೇ 94ರಷ್ಟು ತುಂಬಿದೆ. ಸರ್ವರ್‌ಗಳು ಬರೆಯುವ ಲಾಗ್ ಸಾಲುಗಳು (ಏನೇನು ನಡೆಯಿತೆಂಬ ದಾಖಲೆ) ಸೇರುವ ಹಿಸ್ಟರಿ ಲಾಗ್ ಎಂಬ ಒಂದೇ ಟೇಬಲ್ 310 ಜಿಬಿ ಹಿಡಿದಿದೆ. ಕಳೆದ ಶನಿವಾರ ರಾತ್ರಿ ಹಳೆಯದನ್ನೆಲ್ಲ ಅಳಿಸಲು ಒಂದೇ ಡಿಲೀಟ್ ಆಜ್ಞೆ ಕೊಟ್ಟೆ. ನಾಲ್ಕು ಗಂಟೆಯಾದರೂ ಮುಗಿಯಲಿಲ್ಲ. ಡಿಸ್ಕ್ ಖಾಲಿಯಾಗುವ ಬದಲು ಶೇ 98ಕ್ಕೆ ಏರಿತು. ಗಾಬರಿಯಾಗಿ ಕಂಟ್ರೋಲ್-ಸಿ ಒತ್ತಿದೆ. ಆಮೇಲೂ ಬೆಳಗಿನವರೆಗೆ ಸರ್ವರ್ ತೆವಳುತ್ತಿತ್ತು. ತಪ್ಪು ಎಲ್ಲಾಯಿತು? ಟೇಬಲ್ ಅನ್ನೇ ಟ್ರಂಕೇಟ್ ಮಾಡಿ ಒಮ್ಮೆಲೇ ಖಾಲಿ ಮಾಡಿಬಿಡಬಹುದೇ?

ಉತ್ತರ: ಮೊದಲು ಸಮಾಧಾನದ ಮಾತು. ನೀವು ಏನನ್ನೂ ಕಳೆದುಕೊಂಡಿಲ್ಲ. ಆಜ್ಞೆ ಪೂರ್ತಿಯಾಗದೆ ನಿಂತದ್ದರಿಂದ ಡೇಟಾಬೇಸ್ ಅಳಿಸಿದ ಸಾಲುಗಳನ್ನೆಲ್ಲ ಒಂದೊಂದಾಗಿ ಮತ್ತೆ ಅವುಗಳ ಜಾಗದಲ್ಲಿ ಇಟ್ಟಿತು. ಬೆಳಗಿನವರೆಗೆ ಸರ್ವರ್ ತೆವಳಿದ್ದು ಆ ಕೆಲಸದಿಂದಲೇ. ಆ ಹೊತ್ತಿನಲ್ಲಿ ತಾಳ್ಮೆಗೆಟ್ಟು ಡೇಟಾಬೇಸ್ ಪ್ರಕ್ರಿಯೆಯನ್ನು ಬಲವಂತವಾಗಿ ಕೊಲ್ಲದೆ ಇದ್ದಿರಲ್ಲ, ಅದು ಒಳ್ಳೆಯದಾಯಿತು. ಕೊಂದಿದ್ದರೆ ಮರುಪ್ರಾರಂಭವಾದ ಮೇಲೆ ಅದೇ ಹಿಂದಿರುಗಿಸುವ ಕೆಲಸ ನಿಲ್ಲಿಸಿದಲ್ಲಿಂದಲೇ ಮುಂದುವರಿಯುತ್ತಿತ್ತು, ನಿಮ್ಮ ರಾತ್ರಿ ಇನ್ನಷ್ಟು ಉದ್ದವಾಗುತ್ತಿತ್ತು.

ತಪ್ಪು ಒಂದೇ ಕಡೆ ಆದದ್ದಲ್ಲ. ಜ್ಯಾಬಿಕ್ಸ್‌ನ ಹಿಸ್ಟರಿ ಟೇಬಲ್‌ಗಳ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಇರುವ ಸೂಚಿ) ಐಟಂ ಸಂಖ್ಯೆಯಿಂದ, ಅಂದರೆ ನಿಗಾ ಇಡುವ ಒಂದೊಂದು ಅಂಶಕ್ಕೆ ಕೊಟ್ಟ ಸಂಖ್ಯೆಯಿಂದ ಆರಂಭವಾಗುತ್ತದೆ, ಕಾಲದ ಅಂಕಣವಾದ ಕ್ಲಾಕ್ ಅದರ ನಂತರ ಬರುತ್ತದೆ. ಜ್ಯಾಬಿಕ್ಸ್‌ನ 6.0 ಆವೃತ್ತಿಯಿಂದ ಈಚೆಗೆ ಹೊಸದಾಗಿ ಅಳವಡಿಸಿದ ವ್ಯವಸ್ಥೆಗಳಲ್ಲಿ ಇದೇ ಪ್ರೈಮರಿ ಕೀ (ಟೇಬಲ್‌ನ ಮುಖ್ಯ ಸೂಚಿ) ಆಗಿದೆ, ಆದರೆ ಕ್ರಮ ಬದಲಾಗಿಲ್ಲ. ಆದ್ದರಿಂದ ‘ಇಂಥ ದಿನಕ್ಕಿಂತ ಹಳೆಯದನ್ನೆಲ್ಲ ಅಳಿಸು’ ಎಂದು ಕಾಲವನ್ನು ಮಾತ್ರ ಹೇಳಿದರೆ ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ. ಟೆಲಿಫೋನ್ ಡೈರೆಕ್ಟರಿಯಲ್ಲಿ ಹೆಸರು ಹೇಳದೆ ನಂಬರಿನ ಕೊನೆಯ ಅಂಕಿಯನ್ನಷ್ಟೇ ಹೇಳಿ ಹುಡುಕಿಸಿದಂತೆ, ಡೇಟಾಬೇಸ್ 310 ಜಿಬಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಕಾಗುತ್ತದೆ. ಅಷ್ಟೂ ಕೆಲಸ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಪೂರ್ತಿ, ಇಲ್ಲವಾದರೆ ಏನೂ ಇಲ್ಲ ಎಂಬಂತೆ) ನಡೆಯುವುದರಿಂದ ಅಳಿಸಿದ ಪ್ರತಿ ಸಾಲಿನ ಹಳೆಯ ರೂಪವನ್ನೂ ಅನ್‌ಡೂ ಕಡತದಲ್ಲಿ ಕಾಪಾಡಿಕೊಳ್ಳಬೇಕು. ಡೇಟಾಬೇಸ್‌ನ ಬದಲಾವಣೆಗಳನ್ನೆಲ್ಲ ದಾಖಲಿಸುವ ಬೈನರಿ ಲಾಗ್ ಚಾಲೂ ಇದ್ದರೆ ಅದಕ್ಕಾಗಿ ಇನ್ನೊಂದು ತಾತ್ಕಾಲಿಕ ಕಡತವೂ ಬೆಳೆಯುತ್ತ ಹೋಗುತ್ತದೆ. ಶೇ 94 ಇದ್ದದ್ದು 98 ಆದದ್ದು ಹೀಗೆ. ಅಳಿಸುವ ಕೆಲಸಕ್ಕೂ ಡಿಸ್ಕ್ ಬೇಕು ಎಂಬುದನ್ನು ತುಂಬಿದ ಡಿಸ್ಕ್‌ನ ಮುಂದೆ ಕುಳಿತವರು ಮರೆಯುವುದು ಸಹಜ, ಆದರೆ ಮರೆಯುವಂತಿಲ್ಲ.

ಇನ್ನೊಂದು ಸಂಗತಿ ನಿಮಗೆ ಎದುರಾಗುವ ಮೊದಲೇ ನೀವು ನಿಲ್ಲಿಸಿದಿರಿ. ಆ ಡಿಲೀಟ್ ಯಶಸ್ವಿಯಾಗಿದ್ದರೂ ಡಿಸ್ಕ್‌ನಲ್ಲಿ ಜಾಗ ಕಾಣಿಸುತ್ತಿರಲಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ದತ್ತಾಂಶವನ್ನು ಸಂಗ್ರಹಿಸುವ ಭಾಗವಾದ ಇನ್ನೋಡಿಬಿ, ಅಳಿಸಿದ ಸಾಲುಗಳ ಜಾಗವನ್ನು ಆ ಟೇಬಲ್‌ನ ಕಡತದೊಳಗೇ ಇಟ್ಟುಕೊಂಡು ಮುಂದೆ ಬರುವ ಸಾಲುಗಳಿಗೆ ಬಳಸುತ್ತದೆಯೇ ಹೊರತು ಆಪರೇಟಿಂಗ್ ಸಿಸ್ಟಂಗೆ ಹಿಂದಿರುಗಿಸುವುದಿಲ್ಲ. ಹಿಂದಿರುಗಿಸಲು ಆಪ್ಟಿಮೈಜ್ ಟೇಬಲ್ ಆಜ್ಞೆ ಕೊಡಬೇಕು. ಅದು ಉಳಿದ ಸಾಲುಗಳಿಂದ ಟೇಬಲ್ ಅನ್ನು ಹೊಸದಾಗಿ ಕಟ್ಟುವುದರಿಂದ, ಉಳಿದ ದತ್ತಾಂಶದಷ್ಟು ಜಾಗ ಮೊದಲೇ ಖಾಲಿ ಇರಬೇಕು. ನಿಮ್ಮಲ್ಲಿರುವುದು ಕೇವಲ 30 ಜಿಬಿ.

ಟ್ರಂಕೇಟ್ ಈ ಎಲ್ಲ ತೊಂದರೆಗಳಿಂದ ಪಾರು ಮಾಡುತ್ತದೆ, ನಿಜ. ಕೆಲವೇ ಕ್ಷಣಗಳಲ್ಲಿ 310 ಜಿಬಿ ಕೈಗೆ ಸಿಗುತ್ತದೆ. ಆದರೆ ಅದರಲ್ಲಿ ‘ಹಳೆಯದು ಮಾತ್ರ’ ಎಂಬ ಷರತ್ತು ಹಾಕಲು ಬರುವುದಿಲ್ಲ, ಹಿಂದಕ್ಕೆ ತರಲೂ ಬರುವುದಿಲ್ಲ, ಮತ್ತು ನಿಮ್ಮಲ್ಲಿ ರೆಪ್ಲಿಕಾ (ಡೇಟಾಬೇಸ್‌ನ ಸದಾ ನವೀಕರಿಸುವ ಪ್ರತಿ) ಇದ್ದರೆ ಅಲ್ಲಿಯೂ ಅದೇ ಕ್ಷಣಕ್ಕೆ ಎಲ್ಲವೂ ಹೋಗುತ್ತದೆ. ನಿನ್ನೆಯ ಲಾಗ್ ಕೂಡ ಬೇಡ ಎಂದು ಸಂಸ್ಥೆಯ ಹಿರಿಯರು ಲಿಖಿತವಾಗಿ ಒಪ್ಪಿದರೆ ಮಾತ್ರ ಆ ದಾರಿ ಹಿಡಿಯಿರಿ. ಸಹಕಾರ ಸಂಸ್ಥೆಯಲ್ಲಿ ಯಾರೂ ಹಾಗೆ ಒಪ್ಪಲಾರರು, ಒಪ್ಪಲೂಬಾರದು. ಕಾರಣವನ್ನು ನಾಲ್ಕನೆಯ ಪ್ರಶ್ನೆಯ ಉತ್ತರದಲ್ಲಿ ಹೇಳಿದ್ದೇನೆ.

ಈಗ ಲೆಕ್ಕಕ್ಕೆ ಬರೋಣ. ಲೆಕ್ಕ ಹಾಕದೆ ಅಳಿಸಲು ಕೈಹಾಕಬಾರದೆಂಬುದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು. ಲಾಗ್‌ನ ಒಂದು ಸಾಲಿಗೆ ಸುಮಾರು 500 ಬೈಟ್ ಹಿಡಿಯಬಹುದೆಂದು ಜ್ಯಾಬಿಕ್ಸ್‌ನ ಕೈಪಿಡಿ ಅಂದಾಜು ಕೊಡುತ್ತದೆ. ಆ ಪ್ರಕಾರ 310 ಜಿಬಿ ಎಂದರೆ ಸುಮಾರು 62 ಕೋಟಿ ಸಾಲು. ಮೂರು ವರ್ಷದಲ್ಲಿ ಸುಮಾರು 9.46 ಕೋಟಿ ಸೆಕೆಂಡುಗಳಿರುವುದರಿಂದ ನಿಮ್ಮ 40 ಸರ್ವರ್‌ಗಳಿಂದ ಸೇರಿ ಸೆಕೆಂಡಿಗೆ ಆರೂವರೆ ಸಾಲು ಬರುತ್ತಿದೆ. 180 ದಿನಗಳದ್ದನ್ನು ಉಳಿಸಿಕೊಳ್ಳುವುದೆಂದಾದರೆ ಉಳಿಯಬೇಕಾದದ್ದು ಸುಮಾರು 10 ಕೋಟಿ ಸಾಲು, 50 ಜಿಬಿ. ಹೋಗಬೇಕಾದದ್ದು 52 ಕೋಟಿ. ಆರು ಪಾಲಿನಲ್ಲಿ ಐದು ಪಾಲನ್ನು ಹೊರಹಾಕಬೇಕಾದಾಗ, ಆ ಐದು ಪಾಲನ್ನು ಹೆಕ್ಕಿ ಹೆಕ್ಕಿ ಅಳಿಸುವುದಕ್ಕಿಂತ, ಬೇಕಾದ ಒಂದು ಪಾಲನ್ನು ಎತ್ತಿಟ್ಟುಕೊಂಡು ಪಾತ್ರೆಯನ್ನೇ ಬದಲಿಸುವುದು ಸುಲಭವೂ ಹೌದು, ಸುರಕ್ಷಿತವೂ ಹೌದು.

ಆದರೆ ಪಾತ್ರೆ ಬದಲಿಸುವ ಮೊದಲು ಒಳಹರಿವನ್ನು ನೋಡಬೇಕು. ಮಳೆಗಾಲದಲ್ಲಿ ಅಣೆಕಟ್ಟಿನ ಸುದ್ದಿ ಓದುವ ನಮಗೆಲ್ಲ ಇದು ಗೊತ್ತು: ನೀರಿನ ಮಟ್ಟದ ಜೊತೆಗೆ ಒಳಹರಿವು ಎಷ್ಟು ಕ್ಯುಸೆಕ್ ಎಂದೂ ಕೇಳುತ್ತೇವೆ. ಯಾವ ಲಾಗ್ ಐಟಂ ಅತಿ ಹೆಚ್ಚು ಸಾಲು ತರುತ್ತಿದೆ ಎಂದು ಹಿಂದಿನ ಒಂದು ಗಂಟೆಯ ಮಟ್ಟಿಗೆ ಎಣಿಸಿ ನೋಡಿ. ನನ್ನ ಅನುಭವದಲ್ಲಿ ಎರಡು ಮೂರು ಐಟಂಗಳೇ ಬಹುಪಾಲಿಗೆ ಕಾರಣವಾಗಿರುತ್ತವೆ. ಯಾರೋ ದೋಷ ಹುಡುಕಲು ಡೀಬಗ್ ಮಟ್ಟದ ಲಾಗ್ ಚಾಲೂ ಮಾಡಿ ಹಾಗೆಯೇ ಬಿಟ್ಟಿರುತ್ತಾರೆ, ಅಥವಾ ಲಾಗ್ ಐಟಂನ ಕೀಯಲ್ಲಿ ಯಾವ ಸಾಲು ಬೇಕೆಂಬ ರೆಗ್ಯುಲರ್ ಎಕ್ಸ್‌ಪ್ರೆಷನ್ ಬರೆಯದೆ ಇಡೀ ಕಡತವನ್ನೇ ಎಳೆದುಕೊಳ್ಳುತ್ತಿರುತ್ತಾರೆ. ‘ಎರರ್’, ‘ಫೇಲ್ಡ್’ ಎಂಬಂತಹ ಪದಗಳಿರುವ ಸಾಲುಗಳಷ್ಟೇ ಬರುವಂತೆ ಅದನ್ನು ತಿದ್ದಿದರೆ, ನಿಗಾ ಕೆಲಸಕ್ಕೆ ಏನೂ ಕೊರತೆಯಾಗದೆ ಸೆಕೆಂಡಿಗೆ ಆರೂವರೆ ಇದ್ದದ್ದು ಒಂದಕ್ಕೂ ಕೆಳಗೆ ಇಳಿಯಬಹುದು. ಇದನ್ನು ಮಾಡದೆ ಅಳಿಸಿದರೆ ಮುಂದೊಂದು ದಿನ ನೀವು ಇದೇ ಪತ್ರವನ್ನು ಮತ್ತೆ ಬರೆಯಬೇಕಾಗುತ್ತದೆ.

ಬಳಿಕ ಬ್ಯಾಕಪ್. ಇಡೀ ಡೇಟಾಬೇಸ್‌ನ ಪ್ರತಿ ತೆಗೆಯಲು ನಿಮ್ಮಲ್ಲಿ ಜಾಗವಿಲ್ಲದಿರಬಹುದು, ಆದರೆ ಹೋಸ್ಟ್‌ಗಳು (ನಿಗಾದಲ್ಲಿರುವ ಯಂತ್ರಗಳು), ಐಟಂಗಳು, ಟ್ರಿಗ್ಗರ್‌ಗಳು (ಯಾವಾಗ ಎಚ್ಚರಿಸಬೇಕೆಂಬ ನಿಯಮಗಳು), ಟೆಂಪ್ಲೇಟ್‌ಗಳು (ಹಲವು ಯಂತ್ರಗಳಿಗೆ ಒಟ್ಟಿಗೆ ಅನ್ವಯಿಸುವ ಸಿದ್ಧ ಮಾದರಿಗಳು), ಬಳಕೆದಾರರು ಇರುವ ಸಂರಚನೆಯ ಟೇಬಲ್‌ಗಳೆಲ್ಲ ಸೇರಿದರೂ ಗಾತ್ರ ಚಿಕ್ಕದು. ಹಿಸ್ಟರಿ ಮತ್ತು ಟ್ರೆಂಡ್ ಟೇಬಲ್‌ಗಳನ್ನು ಬಿಟ್ಟು ಉಳಿದದ್ದನ್ನು ಮೈಎಸ್‌ಕ್ಯೂಎಲ್‌ಡಂಪ್ ಎಂಬ ಉಪಕರಣದಿಂದ ಕಡತವಾಗಿ ತೆಗೆದು ಬೇರೆ ಯಂತ್ರಕ್ಕೆ ಸಾಗಿಸಿ, ಅಲ್ಲಿ ನಿಜವಾಗಿಯೂ ಮರುಸ್ಥಾಪಿಸಿ ನೋಡಿ. ಮೂರು ವರ್ಷ ಕೂತು ಕಟ್ಟಿದ ಟ್ರಿಗ್ಗರ್‌ಗಳೇ ನಿಮ್ಮ ನಿಜವಾದ ಆಸ್ತಿ. ಲಾಗ್ ಮತ್ತೆ ಬರುತ್ತದೆ, ಅವು ಬರುವುದಿಲ್ಲ. ಮರುಸ್ಥಾಪಿಸಿ ನೋಡದ ಬ್ಯಾಕಪ್ ಅನ್ನು ನಾನು ಬ್ಯಾಕಪ್ ಎಂದು ಎಣಿಸುವುದಿಲ್ಲ. 2017ರ ಜನವರಿ 31ರಂದು, ತಂತ್ರಾಂಶಗಳ ಕೋಡ್ ಇಡುವ ತಾಣ ನಡೆಸುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಎಂಜಿನಿಯರೊಬ್ಬರು ಎರಡನೆಯ ಸರ್ವರ್‌ನಲ್ಲಿದ್ದೇನೆಂದು ಭಾವಿಸಿ ಮುಖ್ಯ ಸರ್ವರ್‌ನ ಡೇಟಾಬೇಸ್ ಕಡತಗಳನ್ನು ಅಳಿಸಿದರು. ಅರಿವಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ನಿತ್ಯದ ಬ್ಯಾಕಪ್ ತಪ್ಪು ಆವೃತ್ತಿಯ ಉಪಕರಣದಿಂದಾಗಿ ವಿಫಲವಾಗುತ್ತಿದ್ದುದು, ಆ ವೈಫಲ್ಯವನ್ನು ತಿಳಿಸುವ ಮಿಂಚಂಚೆಗಳೂ ತಲುಪುತ್ತಿರಲಿಲ್ಲವೆಂಬುದು ಆಗ ಗೊತ್ತಾಯಿತು. ಅದಕ್ಕೆ ಸುಮಾರು ಆರು ಗಂಟೆ ಮೊದಲು ಬೇರೊಂದು ಕಾರಣಕ್ಕೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಡಿಸ್ಕ್‌ನ ಪ್ರತಿ) ಅವರನ್ನು ಕಾಪಾಡಿತು. ಆ ಸಂಸ್ಥೆ ಎಲ್ಲವನ್ನೂ ಮುಚ್ಚಿಡದೆ ಪ್ರಕಟಿಸಿತು. ಅದಕ್ಕಾಗಿ ನಮ್ಮಂತಹವರು ಅದಕ್ಕೆ ಋಣಿಗಳಾಗಿರಬೇಕು. ಅಂದಿನಿಂದ ನಾನು ಅಳಿಸುವ ಆಜ್ಞೆ ಕೊಡುವ ಮೊದಲು ಯಂತ್ರದ ಹೆಸರನ್ನು ಪರದೆಯ ಮೇಲೆ ತರಿಸಿ, ಪಕ್ಕದಲ್ಲಿರುವವರಿಗೆ ಕೇಳುವಂತೆ ಜೋರಾಗಿ ಓದುತ್ತೇನೆ.

ಇನ್ನು ಪಾತ್ರೆ ಬದಲಿಸುವ ಕ್ರಮ. ಜ್ಯಾಬಿಕ್ಸ್ ಸರ್ವರ್ ಅನ್ನು ಕೆಲವು ನಿಮಿಷ ನಿಲ್ಲಿಸಿ. ಪ್ರತಿ ಸರ್ವರ್‌ನಲ್ಲಿ ಕೂತು ಜ್ಯಾಬಿಕ್ಸ್‌ಗೆ ದತ್ತಾಂಶ ಕಳಿಸುವ ಆಕ್ಟಿವ್ ಏಜೆಂಟ್, ಲಾಗ್ ಕಡತವನ್ನು ಎಲ್ಲಿಯವರೆಗೆ ಓದಿದೆಯೋ ಅಲ್ಲಿಂದಲೇ ಆಮೇಲೆ ಮುಂದುವರಿಸುತ್ತದೆ, ಆ ಗುರುತು ಹಿಸ್ಟರಿ ಟೇಬಲ್‌ನಲ್ಲಿ ಇರುವುದಿಲ್ಲವಾದ್ದರಿಂದ ಟೇಬಲ್ ಬದಲಾದರೂ ಅದು ಹಳೆಯದನ್ನು ಮೊದಲಿನಿಂದ ಕಳಿಸುವುದಿಲ್ಲ. ಡೇಟಾಬೇಸ್‌ನ ಪ್ರೊಸೆಸ್ ಲಿಸ್ಟ್ ನೋಡಿ, ಆ ಟೇಬಲ್ ಮೇಲೆ ದೀರ್ಘ ಆಜ್ಞೆ ಯಾವುದೂ ಓಡುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಈಗಿರುವ ಟೇಬಲ್‌ನಂತೆಯೇ ಒಂದು ಖಾಲಿ ಟೇಬಲ್ ರಚಿಸಿ, ಬಳಿಕ ಒಂದೇ ರೀನೇಮ್ ಆಜ್ಞೆಯಲ್ಲಿ ಹಳೆಯದಕ್ಕೆ ‘ಹಿಸ್ಟರಿ ಲಾಗ್ ಓಲ್ಡ್’ ಎಂದೂ ಹೊಸದಕ್ಕೆ ಮೂಲ ಹೆಸರನ್ನೂ ಕೊಡಿ. ಒಂದೇ ಆಜ್ಞೆಯಲ್ಲಿ ಕೊಟ್ಟಾಗ ಎರಡೂ ಬದಲಾವಣೆ ಒಟ್ಟಿಗೆ ಆಗುತ್ತವೆ, ನಡುವೆ ಟೇಬಲ್ ಇಲ್ಲದ ಕ್ಷಣ ಉಂಟಾಗುವುದಿಲ್ಲ. ಹಿಸ್ಟರಿ ಟೇಬಲ್‌ಗಳಿಗೆ ಫಾರಿನ್ ಕೀ ಸಂಬಂಧ (ಒಂದು ಟೇಬಲ್‌ನ ಸಾಲನ್ನು ಇನ್ನೊಂದರ ಸಾಲಿಗೆ ಕಟ್ಟುವ ಕೊಂಡಿ) ಇಲ್ಲದಿರುವುದರಿಂದ ಇಷ್ಟು ಸರಳವಾಗಿ ಇದು ಸಾಧ್ಯ. ಸರ್ವರ್ ಅನ್ನು ಮತ್ತೆ ಶುರು ಮಾಡಿ. ಹೊಸ ಲಾಗ್ ಹೊಸ ಟೇಬಲ್‌ಗೆ ಬರುತ್ತಿದೆಯೇ ಎಂದು ನೋಡಿ. ಹಿಂದಿನ ಒಂದು ದಿನವನ್ನೋ ಒಂದು ವಾರವನ್ನೋ ನೋಡಿ ತೀರ್ಮಾನಿಸುವ ಟ್ರಿಗ್ಗರ್‌ಗಳು ಕೆಲ ಹೊತ್ತು ತಪ್ಪು ಎಚ್ಚರಿಕೆ ಕೊಡಬಹುದು, ಆದ್ದರಿಂದ ಆ ಹೋಸ್ಟ್‌ಗಳನ್ನು ಮೊದಲೇ ಮೆಂಟೆನೆನ್ಸ್‌ಗೆ (ಎಚ್ಚರಿಕೆಗಳನ್ನು ತಡೆಹಿಡಿಯುವ ಸ್ಥಿತಿಗೆ) ಹಾಕಿಡಿ.

ಈಗ ಹಳೆಯ ಟೇಬಲ್ ಯಾರೂ ಮುಟ್ಟದ ಮೂಲೆಯಲ್ಲಿದೆ. ಅದರಲ್ಲಿನ ಕೊನೆಯ 180 ದಿನಗಳ ಸಾಲುಗಳನ್ನು ಮಾತ್ರ, ವೇರ್ ಷರತ್ತು ಕೊಟ್ಟು, ಮೈಎಸ್‌ಕ್ಯೂಎಲ್‌ಡಂಪ್‌ನಿಂದ ಬೇರೆ ಯಂತ್ರಕ್ಕೆ ಹೊರತೆಗೆಯಿರಿ; ನಿಮ್ಮ ಡಿಸ್ಕ್‌ನಲ್ಲಿ 50 ಜಿಬಿಗೆ ಜಾಗವಿಲ್ಲದ್ದರಿಂದ ಕಡತವನ್ನು ಇದೇ ಯಂತ್ರದಲ್ಲಿ ಬರೆಯಬೇಡಿ. ಆ ಓದು ನಿಧಾನವಾಗಿರುತ್ತದೆ, ಆದರೆ ಅದು ಓದು ಮಾತ್ರ, ಏನನ್ನೂ ಬದಲಿಸುವುದಿಲ್ಲ. ಇಲ್ಲಿ ಎರಡು ಆಯ್ಕೆಗಳನ್ನು ಮರೆಯದೆ ಕೊಡಬೇಕು. ಸಾಮಾನ್ಯವಾಗಿ ಡಂಪ್ ಕಡತದ ಆರಂಭದಲ್ಲೇ ‘ಈ ಟೇಬಲ್ ಇದ್ದರೆ ಡ್ರಾಪ್ ಮಾಡು’ ಎಂಬ ಸಾಲು ಇರುತ್ತದೆ. ಅದನ್ನು ಹಾಗೆಯೇ ಲೋಡ್ ಮಾಡಿದರೆ ಹೊಸ ಟೇಬಲ್‌ನಲ್ಲಿ ಸೇರಿದ ಲಾಗ್ ಎಲ್ಲ ಹೋಗುತ್ತದೆ. ನೋ-ಕ್ರಿಯೇಟ್-ಇನ್ಫೋ ಆಯ್ಕೆ ಕೊಟ್ಟರೆ ಆ ಸಾಲು ಬರುವುದಿಲ್ಲ. ಸ್ಕಿಪ್-ಆ್ಯಡ್-ಲಾಕ್ಸ್ ಕೊಡದಿದ್ದರೆ ಲೋಡ್ ಮಾಡುವಾಗ ಟೇಬಲ್‌ಗೆ ಬೀಗ ಬಿದ್ದು, ಮುಗಿಯುವವರೆಗೆ ಜ್ಯಾಬಿಕ್ಸ್ ಕಾಯುತ್ತ ನಿಲ್ಲುತ್ತದೆ. ಕಡತದಲ್ಲಿ ಹಳೆಯ ಹೆಸರು ‘ಓಲ್ಡ್’ ಎಂದಿರುತ್ತದೆ, ಲೋಡ್ ಮಾಡುವಾಗ ಅದನ್ನು ಮೂಲ ಹೆಸರಿಗೆ ತಿದ್ದಬೇಕು. ಈ ಮೂರನ್ನೂ ಕಡತದ ಮೊದಲ 40 ಸಾಲನ್ನು ಕಣ್ಣಾರೆ ಓದಿ ಖಚಿತಪಡಿಸಿಕೊಳ್ಳಿ. ಸಾಧ್ಯವಿದ್ದರೆ ಡಂಪ್ ಅನ್ನು ಆ ಬೇರೆ ಯಂತ್ರದಲ್ಲೇ ಒಮ್ಮೆ ಲೋಡ್ ಮಾಡಿ, ಸಾಲುಗಳ ಸಂಖ್ಯೆಯನ್ನೂ ಅತಿ ಹಳೆಯ, ಅತಿ ಹೊಸ ಕಾಲವನ್ನೂ ತಾಳೆ ನೋಡಿ.

ತಾಳೆಯಾದ ಮೇಲೆಯೇ ಹಳೆಯ ಟೇಬಲ್ ಅನ್ನು ಡ್ರಾಪ್ ಮಾಡಬೇಕು. ಪ್ರತಿ ಟೇಬಲ್‌ಗೆ ಪ್ರತ್ಯೇಕ ಕಡತ ಎಂಬುದು 5.6ರಿಂದ ಮೈಎಸ್‌ಕ್ಯೂಎಲ್‌ನ ರೂಢಿಯಾಗಿರುವುದರಿಂದ 310 ಜಿಬಿ ಪೂರ್ತಿಯಾಗಿ ಡಿಸ್ಕ್‌ಗೆ ಮರಳುತ್ತದೆ. ಇಷ್ಟು ದೊಡ್ಡ ಕಡತವನ್ನು ತೆಗೆಯುವಾಗ ಸರ್ವರ್ ಕೆಲ ಕ್ಷಣ ತಡವರಿಸಬಹುದು, ಜನ ಕಡಿಮೆ ಬಳಸುವ ಹೊತ್ತನ್ನು ಆರಿಸಿ. ನಂತರ 180 ದಿನಗಳ ಸಾಲುಗಳನ್ನು ಒಳಗೆ ಲೋಡ್ ಮಾಡಿ.

ನಿಮ್ಮಷ್ಟು ವಿಪರೀತ ಸ್ಥಿತಿಯಲ್ಲಿಲ್ಲದ, ಐದನೆಯ ಒಂದು ಪಾಲನ್ನಷ್ಟೇ ಅಳಿಸಬೇಕಾದ ಓದುಗರಿಗೆ ಇಷ್ಟೆಲ್ಲ ಬೇಡ. ಐಟಂ ಟೇಬಲ್‌ನಲ್ಲಿ ವ್ಯಾಲ್ಯೂ ಟೈಪ್ 2 ಇರುವವು ಲಾಗ್ ಐಟಂಗಳು. ಅವುಗಳ ಪಟ್ಟಿ ತೆಗೆದು, ಒಂದೊಂದು ಐಟಂಗೂ ಐಟಂ ಸಂಖ್ಯೆ ಮತ್ತು ಕ್ಲಾಕ್ ಎರಡನ್ನೂ ಹೇಳಿ, ಲಿಮಿಟ್ 5000 ಎಂದು ಮಿತಿ ಹಾಕಿ, ಪ್ರತಿ ಸಲ ಕಮಿಟ್ ಆದ ಮೇಲೆ ಒಂದೆರಡು ಸೆಕೆಂಡು ಬಿಟ್ಟು ಮತ್ತೆ ಅದೇ ಆಜ್ಞೆ ಓಡಿಸುವ ಸಣ್ಣ ಸ್ಕ್ರಿಪ್ಟ್ ಸಾಕು. ಎಲ್ಲಿ ನಿಲ್ಲಿಸಿದರೂ ಅಲ್ಲಿಯವರೆಗಿನ ಕೆಲಸ ಉಳಿಯುತ್ತದೆ.

ಕ್ಲಾಕ್ ಬಗ್ಗೆ ಒಂದು ಎಚ್ಚರಿಕೆ ಹೇಳದೆ ಈ ಉತ್ತರ ಮುಗಿಸಲಾರೆ. ಅದರಲ್ಲಿರುವುದು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ಭಾರತೀಯ ಕಾಲಮಾನದ 2025ರ ಜನವರಿ 1ರ ನಡುರಾತ್ರಿ ಎಂದರೆ 1735669800. ಗ್ರೀನಿಚ್ ಕಾಲಮಾನದ್ದಾದರೆ 1735689600. ನಡುವಿನ 19800 ಸೆಕೆಂಡುಗಳೇ ನಮ್ಮ ಐದೂವರೆ ಗಂಟೆ, ಅದರಲ್ಲಿ ತಪ್ಪಾದರೆ ಐದೂವರೆ ಗಂಟೆಯ ಲಾಗ್ ಹೆಚ್ಚುಕಡಿಮೆಯಾಗುತ್ತದೆ, ಅಷ್ಟೇ. ಆದರೆ ಕೆಲವು ಉಪಕರಣಗಳು ಇದನ್ನೇ ಮಿಲಿಸೆಕೆಂಡಿನಲ್ಲಿ, 13 ಅಂಕಿಗಳಲ್ಲಿ ಕೊಡುತ್ತವೆ. ‘ಕ್ಲಾಕ್ ಇದಕ್ಕಿಂತ ಚಿಕ್ಕದಿದ್ದರೆ ಅಳಿಸು’ ಎಂಬ ಷರತ್ತಿನಲ್ಲಿ 13 ಅಂಕಿಯ ಸಂಖ್ಯೆ ಕೂತರೆ ಟೇಬಲ್‌ನ ಪ್ರತಿಯೊಂದು ಸಾಲೂ, ಈ ಕ್ಷಣ ಬಂದದ್ದೂ ಸೇರಿ, ಆ ಷರತ್ತಿಗೆ ಒಳಪಡುತ್ತದೆ. ಹತ್ತು ಅಂಕಿ ಇದೆಯೇ ಎಂದು ಬೆರಳಿಟ್ಟು ಎಣಿಸಿ.

ಪ್ರಶ್ನೆ: ಮೈಸೂರಿನ ಒಂದು ಕಾಲೇಜಿನಲ್ಲಿ ಜ್ಯಾಬಿಕ್ಸ್ ನೋಡಿಕೊಳ್ಳುತ್ತೇನೆ. ಹತ್ತು ದಿನಗಳ ಹಿಂದೆ ಎಲ್ಲ ಟೆಂಪ್ಲೇಟ್‌ಗಳಲ್ಲಿ ಹಿಸ್ಟರಿ ಅವಧಿಯನ್ನು 90 ದಿನಗಳಿಂದ 30 ದಿನಗಳಿಗೆ ಇಳಿಸಿದೆ. ಹೌಸ್‌ಕೀಪರ್ ಚಾಲೂ ಇದೆ, ಆದರೂ ಹಳೆಯ ದತ್ತಾಂಶ ಇನ್ನೂ ಇದೆ, ಡಿಸ್ಕ್ ಕೂಡ ಇಳಿದಿಲ್ಲ. ಹೌಸ್‌ಕೀಪರ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ಬೇಕೆಂದೇ ನಿಧಾನವಾಗಿ ನಡೆಯುತ್ತಿದೆ. ಅವಧಿಯನ್ನು ಒಮ್ಮೆಲೇ ಇಳಿಸಿದಾಗ ಡೇಟಾಬೇಸ್ ಮೇಲೆ ಹೊರೆ ಬೀಳಬಾರದೆಂದು, ಒಂದು ಸುತ್ತಿನಲ್ಲಿ ಪ್ರತಿ ಐಟಂಗೆ ಹೌಸ್‌ಕೀಪಿಂಗ್ ಫ್ರೀಕ್ವೆನ್ಸಿಯ (ಎಷ್ಟು ಗಂಟೆಗೊಂದು ಸುತ್ತು ಎಂಬ ಸೆಟ್ಟಿಂಗ್‌ನ) ನಾಲ್ಕು ಪಟ್ಟು ಗಂಟೆಗಳಷ್ಟು ಹಳೆಯ ದತ್ತಾಂಶವನ್ನು ಮಾತ್ರ ಅದು ಅಳಿಸುತ್ತದೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಸುತ್ತು ಗಂಟೆಗೊಂದು, ಆದ್ದರಿಂದ ಗಂಟೆಗೆ ನಾಲ್ಕು ಗಂಟೆಯ ದತ್ತಾಂಶ ಹೋಗುತ್ತದೆ. ಆದರೆ ಆ ಒಂದು ಗಂಟೆಯಲ್ಲಿ ಇನ್ನೊಂದು ಗಂಟೆಯ ದತ್ತಾಂಶ ಅವಧಿ ಮೀರಿ ಸಾಲಿಗೆ ಸೇರುವುದರಿಂದ ನಿಜವಾಗಿ ಕಡಿಮೆಯಾಗುವುದು ಮೂರು ಗಂಟೆ. ನೀವು ತೆಗೆಯಬೇಕಾಗಿರುವ 60 ದಿನ ಎಂದರೆ 1440 ಗಂಟೆ. ಮೂರರಿಂದ ಭಾಗಿಸಿದರೆ 480 ಗಂಟೆ, ಅಂದರೆ 20 ದಿನ. ನೀವು ಅರ್ಧ ದಾರಿಯಲ್ಲಿದ್ದೀರಿ.

ನಂಬಿಕೆಗಾಗಿ ಜ್ಯಾಬಿಕ್ಸ್ ಸರ್ವರ್‌ನ ಲಾಗ್ ಕಡತದಲ್ಲಿ ‘ಹೌಸ್‌ಕೀಪರ್’ ಎಂದು ಹುಡುಕಿ. ಪ್ರತಿ ಸುತ್ತಿನ ಕೊನೆಗೆ ಎಷ್ಟು ಹಿಸ್ಟರಿ ಮತ್ತು ಟ್ರೆಂಡ್ ಸಾಲು, ಎಷ್ಟು ಈವೆಂಟ್, ಎಷ್ಟು ಸೆಷನ್ ಅಳಿಸಿತು, ಎಷ್ಟು ಸೆಕೆಂಡು ಹಿಡಿಯಿತು ಎಂಬ ಒಂದು ಸಾಲು ಅದು ಬರೆಯುತ್ತದೆ. ಆ ಸೆಕೆಂಡುಗಳನ್ನು ಗಮನಿಸುತ್ತ ಬನ್ನಿ: 3600ಕ್ಕೆ ಹತ್ತಿರವಾಗುತ್ತಿದ್ದರೆ ಡೇಟಾಬೇಸ್‌ಗೆ ಹೌಸ್‌ಕೀಪರ್ ಹೊರೆಯಾಗುತ್ತಿದೆ ಎಂದು ಅರ್ಥ, ಆಗ ಮುಂದಿನ ಉತ್ತರದಲ್ಲಿ ಹೇಳಿರುವ ಪಾರ್ಟಿಷನ್ ಬಗ್ಗೆ ಯೋಚಿಸಬೇಕು. ಸರ್ವರ್ ಶುರುವಾದ ಮೊದಲ ಅರ್ಧ ಗಂಟೆ ಹೌಸ್‌ಕೀಪರ್ ಏನೂ ಮಾಡುವುದಿಲ್ಲ. ಏನಾಗಿದೆ ಎಂದು ನೋಡಲು ಪದೇಪದೇ ಸರ್ವರ್ ಅನ್ನು ಮರುಪ್ರಾರಂಭಿಸುವವರು ಆ ಅರ್ಧ ಗಂಟೆಯನ್ನೇ ಪದೇಪದೇ ಕಾಯುತ್ತಿರುತ್ತಾರೆ. ಬೇಕೆನಿಸಿದರೆ ಹೌಸ್‌ಕೀಪರ್ ಎಕ್ಸಿಕ್ಯೂಟ್ ಎಂಬ ರನ್‌ಟೈಮ್ ಆಜ್ಞೆಯಿಂದ ಒಂದು ಸುತ್ತನ್ನು ಕೈಯಾರೆ ಓಡಿಸಬಹುದು.

ಡಿಸ್ಕ್ ಇಳಿಯದಿರುವುದಕ್ಕೆ ಕಾರಣ ಹುಬ್ಬಳ್ಳಿಯ ಓದುಗರಿಗೆ ಹೇಳಿದ್ದೇ. 20 ದಿನ ಮುಗಿದ ಮೇಲೂ ಕಡತದ ಗಾತ್ರ ಇಳಿಯುವುದಿಲ್ಲ, ಆದರೆ ಅದರೊಳಗಿನ ಖಾಲಿ ಜಾಗ ತುಂಬುವವರೆಗೆ ಮತ್ತೆ ಏರುವುದೂ ಇಲ್ಲ. ಆ ಜಾಗ ಬೇರೆ ಕೆಲಸಕ್ಕೆ ಬೇಕಿಲ್ಲವಾದರೆ ಆಪ್ಟಿಮೈಜ್ ಮಾಡಿಸುವ ಅಗತ್ಯವೇ ಇಲ್ಲ, ಹಾಗೆಯೇ ಬಿಟ್ಟುಬಿಡಿ.

ಇನ್ನೊಂದು ಮಾತು. ಸಿಪಿಯು, ಮೆಮೊರಿಯಂತಹ ಸಂಖ್ಯೆಗಳ ಹಿಸ್ಟರಿ 30 ದಿನಕ್ಕೆ ಹೋದರೂ ಗಂಟೆಗೊಂದರಂತೆ ಕನಿಷ್ಠ, ಸರಾಸರಿ, ಗರಿಷ್ಠಗಳು ಟ್ರೆಂಡ್ ಟೇಬಲ್‌ಗಳಲ್ಲಿ ಉಳಿದಿರುತ್ತವೆ, ಆದ್ದರಿಂದ ಕಳೆದ ವರ್ಷದ ಪ್ರವೇಶಾತಿ ಸಮಯದಲ್ಲಿ ಸರ್ವರ್ ಎಷ್ಟು ಬಳಲಿತ್ತೆಂಬ ನಕ್ಷೆ ನಿಮಗೆ ಸಿಗುತ್ತದೆ. ಲಾಗ್ ಮತ್ತು ಪಠ್ಯಕ್ಕೆ ಟ್ರೆಂಡ್ ಇಲ್ಲ. ಅಳಿಸಿದರೆ ಅಳಿಸಿದಂತೆಯೇ.

ಪ್ರಶ್ನೆ: ನಮ್ಮ ಜ್ಯಾಬಿಕ್ಸ್‌ಗೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್ ಇದೆ. ಮೈಎಸ್‌ಕ್ಯೂಎಲ್‌ಗೆ ಹೇಳುವ ಸಲಹೆಗಳೇ ಇಲ್ಲಿಯೂ ಅನ್ವಯಿಸುತ್ತವೆಯೇ? ಪಾರ್ಟಿಷನ್ ಎಂದರೆ ಏನು? (ದಾವಣಗೆರೆಯ ಓದುಗರು)

ಉತ್ತರ: ತತ್ವ ಒಂದೇ, ಹೆಸರುಗಳು ಬೇರೆ. ಪೋಸ್ಟ್‌ಗ್ರೆಸ್‌ನಲ್ಲಿ ಅಳಿಸಿದ ಸಾಲು ಸತ್ತ ಸಾಲಾಗಿ ಅಲ್ಲಿಯೇ ಉಳಿದು, ವ್ಯಾಕ್ಯೂಮ್ ಎಂಬ ಶುಚಿ ಮಾಡುವ ಕೆಲಸ ಆದ ಮೇಲೆ ಆ ಜಾಗ ಮರುಬಳಕೆಗೆ ಸಿಗುತ್ತದೆ. ಡಿಸ್ಕ್‌ಗೆ ಹಿಂದಿರುಗಿಸಲು ವ್ಯಾಕ್ಯೂಮ್ ಫುಲ್ ಬೇಕು. ಅದು ನಡೆಯುವಷ್ಟು ಹೊತ್ತು ಟೇಬಲ್ ಅನ್ನು ಯಾರೂ ಓದಲೂ ಆಗದಂತೆ ಬೀಗ ಹಾಕುತ್ತದೆ, ಹೊಸ ಪ್ರತಿಗೆ ಜಾಗವನ್ನೂ ಕೇಳುತ್ತದೆ. ಡಿಲೀಟ್ ಆಜ್ಞೆಗೆ ನೇರವಾಗಿ ಲಿಮಿಟ್ ಹಾಕಲು ಬರುವುದಿಲ್ಲವಾದ್ದರಿಂದ, ಒಳಗಿನ ಸೆಲೆಕ್ಟ್‌ನಲ್ಲಿ ಮಿತಿ ಹಾಕಿ ಆ ಸಾಲುಗಳನ್ನು ಅಳಿಸಬೇಕು.

ಪಾರ್ಟಿಷನ್ ಎಂದರೆ ಒಂದೇ ಟೇಬಲ್ ಅನ್ನು ಒಳಗೊಳಗೆ ದಿನಕ್ಕೊಂದು ಅಥವಾ ತಿಂಗಳಿಗೊಂದು ತುಂಡಾಗಿ ಇಡುವುದು. ಅಂಗಡಿಯ ಲೆಕ್ಕವನ್ನು ಒಂದೇ ದಪ್ಪ ಖಾತೆಪುಸ್ತಕದಲ್ಲಿ ಬರೆಯುವ ಬದಲು ತಿಂಗಳಿಗೊಂದು ಪುಸ್ತಕ ಮಾಡಿದಂತೆ: ಹಳೆಯ ತಿಂಗಳು ಬೇಡವಾದಾಗ ಹಾಳೆಗಳನ್ನು ಹರಿಯುತ್ತ ಕೂರಬೇಕಿಲ್ಲ, ಆ ಪುಸ್ತಕವನ್ನೇ ತೆಗೆದಿಡಬಹುದು. ಒಂದೇ ಒಂದು ಸಾಲನ್ನೂ ಓದದೆ ತುಂಡು ಹೋಗುತ್ತದೆ, ಜಾಗವೂ ಕೂಡಲೇ ಮರಳುತ್ತದೆ. ಪೋಸ್ಟ್‌ಗ್ರೆಸ್ ಬಳಸುವವರಿಗೆ ಟೈಮ್‌ಸ್ಕೇಲ್‌ಡಿಬಿ ಎಂಬ ವಿಸ್ತರಣೆ ಈ ಕೆಲಸವನ್ನು ತಾನೇ ಮಾಡುತ್ತದೆ. ಜ್ಯಾಬಿಕ್ಸ್‌ನ ಹೌಸ್‌ಕೀಪರ್ ಅದರೊಂದಿಗೆ ಹೊಂದಿಕೊಂಡು ತುಂಡುಗಳನ್ನೇ ತೆಗೆಯುತ್ತದೆ. ಹಾಗಾಗಬೇಕಾದರೆ ಹೌಸ್‌ಕೀಪಿಂಗ್ ಪುಟದಲ್ಲಿ ‘ಐಟಂನ ಹಿಸ್ಟರಿ ಅವಧಿಯನ್ನು ಬದಿಗಿಟ್ಟು ಇದನ್ನೇ ಬಳಸು’ ಎಂಬ ಆಯ್ಕೆ ಗುರುತಾಗಿರಬೇಕು, ಏಕೆಂದರೆ ಒಂದು ತುಂಡಿನೊಳಗೆ ಎಲ್ಲ ಐಟಂಗಳೂ ಬೆರೆತಿರುತ್ತವೆ. ಒಂದು ಐಟಂಗೆ ಏಳು ದಿನ, ಇನ್ನೊಂದಕ್ಕೆ ಒಂದು ವರ್ಷ ಎಂಬ ಸ್ವಾತಂತ್ರ್ಯವನ್ನು ಬಿಟ್ಟುಕೊಡಬೇಕಾಗುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಮೊದಲ ದಿನವೇ ಈ ದಾರಿ ಹಿಡಿಯಿರಿ ಎಂದು ಒತ್ತಿ ಹೇಳುತ್ತೇನೆ.

ಪ್ರಶ್ನೆ: ಮಂಗಳೂರಿನ ನಮ್ಮ ಕಂಪನಿಯಲ್ಲಿ ಲೆಕ್ಕಪರಿಶೋಧಕರು, ಲಾಗ್ ಅಳಿಸುವಂತಿಲ್ಲ ಎನ್ನುತ್ತಾರೆ. ಡಿಸ್ಕ್ ನೋಡಿಕೊಳ್ಳುವವರು, ಅಳಿಸಲೇಬೇಕು ಎನ್ನುತ್ತಾರೆ. ಯಾರ ಮಾತು ಸರಿ? ಜೊತೆಗೆ, ಟ್ರಿಗ್ಗರ್‌ಗಳಿಂದ ಉಂಟಾದ ಘಟನೆಗಳು ಸೇರುವ ಈವೆಂಟ್ಸ್ ಟೇಬಲ್‌ನಿಂದಲೂ ಹೀಗೆಯೇ ಅಳಿಸಬಹುದೇ?

ಉತ್ತರ: ಇಬ್ಬರೂ ಬೇರೆ ಬೇರೆ ವಸ್ತುಗಳ ಬಗ್ಗೆ ಮಾತಾಡುತ್ತಿರುವಂತೆ ಕಾಣುತ್ತದೆ. ಭಾರತದ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್, 2022ರ ಏಪ್ರಿಲ್ 28ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ಸೆಕ್ಷನ್ ಅಡಿ ಹೊರಡಿಸಿದ ನಿರ್ದೇಶನದಲ್ಲಿ, ಸೇವಾದಾರರು, ಡೇಟಾ ಸೆಂಟರ್‌ಗಳು, ಕಂಪನಿಗಳು, ಸರ್ಕಾರಿ ಸಂಸ್ಥೆಗಳೆಲ್ಲ ತಮ್ಮ ಎಲ್ಲ ಮಾಹಿತಿ ತಂತ್ರಜ್ಞಾನ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನಗಳ ಕಾಲ, ದಿನ ಕಳೆದಂತೆ ಮುಂದಕ್ಕೆ ಸರಿಯುವ ಅವಧಿಯಾಗಿ, ಭಾರತದೊಳಗೆ ಸುರಕ್ಷಿತವಾಗಿ ಇಟ್ಟುಕೊಳ್ಳಬೇಕೆಂದು ಹೇಳಿದೆ. ಹುಬ್ಬಳ್ಳಿಯ ಓದುಗರಿಗೆ 180 ದಿನದ ಲೆಕ್ಕ ಹಾಕಿಕೊಟ್ಟದ್ದು ಇದಕ್ಕಾಗಿಯೇ. ನಿಮ್ಮ ಉದ್ಯಮದ ನಿಯಂತ್ರಕರು ಇದಕ್ಕಿಂತ ಹೆಚ್ಚು ಕೇಳುತ್ತಿದ್ದರೆ ಆ ಅವಧಿಯೇ ಅನ್ವಯ. ಅದನ್ನು ಪರಿಶೋಧಕರಿಂದ ಬರವಣಿಗೆಯಲ್ಲಿ ಪಡೆಯಿರಿ.

ಆದರೆ ಆ ಲಾಗ್ ಜ್ಯಾಬಿಕ್ಸ್‌ನ ಡೇಟಾಬೇಸ್‌ನಲ್ಲೇ ಇರಬೇಕೆಂದು ಯಾರೂ ಹೇಳಿಲ್ಲ. ನಿಗಾ ವ್ಯವಸ್ಥೆಗೆ ಬೇಕಿರುವುದು ಈಗ ಏನು ನಡೆಯುತ್ತಿದೆ, ಕಳೆದ ವಾರ ಏನಾಯಿತು ಎಂಬುದು. ಮೂಲ ಲಾಗ್ ಆಯಾ ಸರ್ವರ್‌ನಲ್ಲಿ ಹುಟ್ಟುತ್ತದೆ. ಅದನ್ನು ಲಾಗ್‌ಗಳನ್ನು ಒಂದೆಡೆ ಸೇರಿಸುವ ಪ್ರತ್ಯೇಕ ಸಿಸ್‌ಲಾಗ್ ಸರ್ವರ್‌ಗೆ ಕಳಿಸಿ, ದಿನಕ್ಕೊಂದು ಕಡತವಾಗಿ ಒತ್ತಿ, ಯಾರೂ ತಿದ್ದಲಾಗದಂತೆ ಇಡುವುದು ಅಗ್ಗವೂ ಹೌದು, ಪರಿಶೋಧಕರಿಗೆ ತೋರಿಸಲು ಯೋಗ್ಯವೂ ಹೌದು. ಅಷ್ಟಾದ ಮೇಲೆ ಜ್ಯಾಬಿಕ್ಸ್‌ನಲ್ಲಿ ಲಾಗ್ ಐಟಂಗಳಿಗೆ 15 ದಿನ ಸಾಕು. ಆ ಕಡೆ 180 ದಿನದ್ದು ನಿಜವಾಗಿಯೂ ಇದೆಯೇ, ಯಾವುದಾದರೂ ಒಂದು ಹಳೆಯ ದಿನದ ಕಡತವನ್ನು ತೆರೆದು ಓದಲು ಆಗುತ್ತದೆಯೇ ಎಂದು ನೋಡಿದ ಮೇಲೆಯೇ ಈ ಕಡೆ ಅಳಿಸಿ. ಎರಡೂ ಕಡೆ ಇಲ್ಲದ ಒಂದು ದಿನವೂ ಇರಬಾರದು. ಯಾವುದಾದರೂ ಭದ್ರತಾ ಘಟನೆಯ ತನಿಖೆ ನಡೆಯುತ್ತಿದ್ದರೆ, ಆ ಅವಧಿಯ ದಾಖಲೆಯನ್ನು 180 ದಿನ ಮೀರಿದ್ದರೂ ಮುಟ್ಟಬೇಡಿ.

ಈವೆಂಟ್ಸ್ ಟೇಬಲ್ ಮಾತ್ರ ಬೇರೆ ಜಾತಿಯದು. ಅಲರ್ಟ್‌ಗಳು, ಅಕ್ನಾಲೆಜ್‌ಮೆಂಟ್‌ಗಳು, ಈಗ ತೆರೆದಿರುವ ಸಮಸ್ಯೆಗಳು, ಟ್ಯಾಗ್‌ಗಳು ಎಲ್ಲವೂ ಫಾರಿನ್ ಕೀ ಮೂಲಕ ಅದನ್ನು ಹಿಡಿದುಕೊಂಡಿವೆ. ಒಂದು ಈವೆಂಟ್ ಹೋದರೆ ಅದಕ್ಕೆ ಅಂಟಿದ್ದೆಲ್ಲವೂ ಅದರ ಹಿಂದೆಯೇ ಅಳಿಯುತ್ತದೆ. ಎರಡು ವರ್ಷ ಹಿಂದೆ ತೆರೆದು ಇಂದಿಗೂ ಮುಚ್ಚದ ಸಮಸ್ಯೆಯ ಈವೆಂಟ್ ಅನ್ನು ಕಾಲ ನೋಡಿ ಅಳಿಸಿದರೆ, ಆ ಸಮಸ್ಯೆ ಪರದೆಯಿಂದ ಮಾಯವಾಗುತ್ತದೆ, ಕೆಟ್ಟ ಡಿಸ್ಕ್ ಮಾತ್ರ ಸರ್ವರ್‌ನಲ್ಲಿ ಕೆಟ್ಟೇ ಇರುತ್ತದೆ. ಆದ್ದರಿಂದ ಹೆಸರು ಬದಲಿಸುವ ವಿಧಾನವನ್ನಾಗಲಿ ಟ್ರಂಕೇಟ್ ಅನ್ನಾಗಲಿ ಇಲ್ಲಿ ತರಬೇಡಿ. ಹೌಸ್‌ಕೀಪಿಂಗ್ ಪುಟದಲ್ಲಿ ಟ್ರಿಗ್ಗರ್ ಈವೆಂಟ್‌ಗಳ ಅವಧಿಯನ್ನು ನಿಗದಿ ಮಾಡಿ, ಅಳಿಸುವ ಕೆಲಸವನ್ನು ಹೌಸ್‌ಕೀಪರ್‌ಗೇ ಬಿಡಿ. ತೆರೆದಿರುವ ಸಮಸ್ಯೆಗಳ ಈವೆಂಟ್‌ಗಳನ್ನು ಅದು ಮುಟ್ಟುವುದಿಲ್ಲ.